ಪೌತಿ ಪೌರತ್ವ

ಕಂದಾಯ ಇಲಾಖೆಯಲ್ಲಿ 34 ವರ್ಷ ದುಡಿದು, ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಿಂದ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಈ ಸೇವೆಯ ಬಹುಭಾಗ ಸತ್ತವರ ಸಹವಾಸದಲ್ಲೇ ಕಳೆಯಿತು ಎಂದರೆ ತಮಾಷೆಯಂತೆ ಕೇಳಿಸಬಹುದು. ನಮ್ಮ ಕಡೆಯ ಯಾವುದೇ ಹಳ್ಳಿಯ ಪಹಣಿ ತೆಗೆದು 9ನೇ ಕಾಲಂ ನೋಡಿದರೆ, ನಲವತ್ತು ಐವತ್ತು ವರ್ಷಗಳ ಹಿಂದೆ ತೀರಿಕೊಂಡ ತಾತ ಮುತ್ತಾತಂದಿರು ಇಂದಿಗೂ ಜಮೀನಿನ ಒಡೆಯರಾಗಿ ಕುಳಿತಿರುತ್ತಾರೆ. ಮಕ್ಕಳು ಉತ್ತು ಬಿತ್ತುತ್ತಾರೆ, ಮೊಮ್ಮಕ್ಕಳು ಬೋರ್‌ವೆಲ್ ಕೊರೆಸಿ ಟೊಮೆಟೊ ಬೆಳೆದು ಕೋಲಾರದ ಎಪಿಎಂಸಿಗೆ ಹಾಕುತ್ತಾರೆ, ಆದರೆ ದಾಖಲೆಯಲ್ಲಿ ಮಾತ್ರ ಸತ್ತವನೇ ಯಜಮಾನ. ಅವನ ಹೆಸರು ಇಳಿಸಿ ವಾರಸುದಾರರ ಹೆಸರು ಏರಿಸುವ ಕೆಲಸಕ್ಕೆ ನಾವು ಪೌತಿ ಖಾತೆ ಎನ್ನುತ್ತೇವೆ.

ಇದಕ್ಕೆ ಪೂರ್ತಿ ತಿರುವುಮುರುವಾದ ಒಂದು ವಿಷಯದ ಬಗ್ಗೆ ಕೆಲವು ವರ್ಷಗಳಿಂದ ಬಿಡುವಾದಾಗಲೆಲ್ಲ ಓದುತ್ತಿದ್ದೇನೆ. ಪರದೇಶದಿಂದ ಬಂದ ಒಬ್ಬ ಮನುಷ್ಯ ಬದುಕಿರುವಷ್ಟು ದಿನ ಆ ದೇಶದ ದಫ್ತರಿನಲ್ಲಿ ಅವನಿಗೆ ಪ್ರಜೆಯೆಂಬ ಜಾಗವಿರುವುದಿಲ್ಲ. ಅಲ್ಲಿಯ ಬೆಂಕಿಯನ್ನು ಆರಿಸಲು ಹೋಗಿ, ಅಲ್ಲಿಯ ಆಂಬುಲೆನ್ಸಿನಲ್ಲಿ ಓಡಾಡಿ, ಅಲ್ಲಿಯ ರೋಗಿಯ ಉಸಿರಿಗೆ ತನ್ನ ಉಸಿರು ಒಡ್ಡಿ ಪ್ರಾಣ ಬಿಟ್ಟ ಮೇಲೆ, ಇವನನ್ನು ನಮ್ಮವನೆಂದು ಬರೆದುಕೊಳ್ಳೋಣವೇ ಎಂಬ ಮಾತು ಏಳುತ್ತದೆ. ಮರಣೋತ್ತರ ಪೌರತ್ವ ಎಂದು ಪತ್ರಿಕೆಗಳು ಇದನ್ನು ಕರೆಯುತ್ತವೆ. ನಾನು ಮನಸ್ಸಿನಲ್ಲಿ ಪೌತಿ ಪೌರತ್ವ ಎಂದುಕೊಳ್ಳುತ್ತೇನೆ. ಈ ಎರಡು ಶಬ್ದಗಳಿಗೆ ಕಿವಿಯಲ್ಲಿ ನಂಟಿದೆಯೇ ಹೊರತು ಹುಟ್ಟಿನಲ್ಲಿ ಇಲ್ಲ. ಒಂದು ಅರಬ್ಬಿ ಪಾರಸಿಗಳಿಂದ ಬಂದ, ಸಾವು ಎಂಬ ಅರ್ಥದ ಕಚೇರಿ ಮಾತು, ಇನ್ನೊಂದು ಪುರದಿಂದ ಹುಟ್ಟಿದ ಸಂಸ್ಕೃತದ ಮಾತು. ಆದರೂ ನನ್ನಂಥ ಗುಮಾಸ್ತನಿಗೆ ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ವಿಷಯ ತಿಳಿಯಾಗುತ್ತದೆ.

ಈ ವಿಚಾರದಲ್ಲಿ ಸ್ಪಷ್ಟವಾದ ಕಾನೂನು ಇರುವುದು ಅಮೆರಿಕದಲ್ಲಿ, ಅದೂ ಸೈನಿಕರಿಗೆ ಮಾತ್ರ. ಅಲ್ಲಿ ಗ್ರೀನ್ ಕಾರ್ಡ್ ಇರುವ ಪರದೇಶದವರು ಸೇನೆಗೆ ಸೇರಬಹುದು. ಹಾಗೆ ಸೇರಿ ಯುದ್ಧಕಾಲದ ಸೇವೆಯಲ್ಲಿ ಸತ್ತವರಿಗೆ, ಸತ್ತ ದಿನದಿಂದಲೇ ಅನ್ವಯವಾಗುವಂತೆ ಪೌರತ್ವ ಕೊಡುವ ಕಾಯ್ದೆಗೆ 1990ರ ಮಾರ್ಚ್‌ನಲ್ಲಿ ಅಂಕಿತ ಬಿತ್ತು. ಓದಲು ದೊಡ್ಡ ಮನಸ್ಸಿನ ಕಾಯ್ದೆಯಂತೆ ಕಾಣುತ್ತದೆ. ಆದರೆ ಮೂಲ ಕಾಯ್ದೆಯಲ್ಲೇ ಒಂದು ಸಾಲು ಇತ್ತು: ಈ ಪೌರತ್ವದ ಆಧಾರದ ಮೇಲೆ ಮೃತನ ಹೆಂಡತಿಗಾಗಲಿ, ಮಕ್ಕಳಿಗಾಗಲಿ, ಬೇರೆ ಸಂಬಂಧಿಕರಿಗಾಗಲಿ ವಲಸೆಗೆ ಸಂಬಂಧಿಸಿದ ಯಾವ ಸೌಲಭ್ಯವೂ ಸಿಗತಕ್ಕದ್ದಲ್ಲ. ಅಂದರೆ ಖಾತೆ ಸತ್ತವನ ಹೆಸರಿಗೆ ಆಗುತ್ತದೆ, ವಾರಸುದಾರರಿಗೆ ಇಳಿಯುವುದಿಲ್ಲ. 2003ರ ಮಾರ್ಚ್ 21ರಂದು ಇರಾಕ್ ಯುದ್ಧದ ಆರಂಭದಲ್ಲೇ ಸತ್ತ ಮರೀನ್ ಸೈನಿಕ ಹೊಸೆ ಆಂಟೋನಿಯೊ ಗುಟಿಯೆರೆಜ್, ಗ್ವಾಟೆಮಾಲಾದ ಅನಾಥ ಹುಡುಗ. ಹದಿಹರೆಯದಲ್ಲಿ ಮೆಕ್ಸಿಕೋ ದಾಟಿ ದಾಖಲೆಯಿಲ್ಲದೆ ಅಮೆರಿಕ ಸೇರಿದವನು. ಅವನಿಗೆ ಮರಣೋತ್ತರ ಪೌರತ್ವ ಘೋಷಣೆಯಾಯಿತು, ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಆ ಹೊತ್ತಿಗೆ ಜಾರಿಯಲ್ಲಿದ್ದದ್ದು ಮೇಲೆ ಹೇಳಿದ ಆ ಒಂದು ಸಾಲಿನ ಕಾಯ್ದೆಯೇ.

ಆ ಸಾಲನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮ ಊರಿನ ಒಂದು ಫ್ಲೆಕ್ಸ್ ಬ್ಯಾನರು.

ಸುಮಾರು 15 ವರ್ಷಗಳ ಹಿಂದಿನ ಮಾತು. ನಾನಿದ್ದ ತಾಲ್ಲೂಕು ಕೇಂದ್ರದ ಸಂತೆಬೀದಿಯಲ್ಲಿ ರಾತ್ರಿ ಕಾವಲಿಗೆ ಒಬ್ಬ ನೇಪಾಳಿ ಇದ್ದ. ಅವನಿಗೊಂದು ಹೆಸರಿತ್ತು, ಆದರೆ ನಾವೆಲ್ಲ ಕರೆಯುತ್ತಿದ್ದದ್ದು ಗೂರ್ಖಾ ಎಂದೇ. ಕೈಯಲ್ಲೊಂದು ಲಾಠಿ, ಬಾಯಲ್ಲೊಂದು ಸೀಟಿ, ತಿಂಗಳ ಮೊದಲ ವಾರ ಅಂಗಡಿಗೆ ಇಪ್ಪತ್ತು ರೂಪಾಯಿಯಂತೆ ವಸೂಲಿ. ಇಷ್ಟೇ ಅವನ ನೇಮಕಾತಿ ಆದೇಶ. ಒಂದು ಬೇಸಿಗೆಯ ರಾತ್ರಿ ಗೋಣಿಚೀಲದ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಹಮಾಲಿ ಹುಡುಗರು ಮಲಗಿದ್ದರು. ಸೀಟಿ ಊದಿ ಬೀದಿಯನ್ನೆಲ್ಲ ಎಬ್ಬಿಸಿದವನೂ ಅವನೇ, ಬಾಗಿಲು ಒಡೆದು ಇಬ್ಬರನ್ನು ಎಳೆದು ತಂದವನೂ ಅವನೇ. ಮೂರನೆಯವನು ಒಳಗಿದ್ದಾನೆಂದು ಯಾರೋ ಕೂಗಿದರು, ಅವನು ಮತ್ತೆ ನುಗ್ಗಿದ, ಸಿಮೆಂಟ್ ಶೀಟಿನ ಚಾವಣಿ ಕುಸಿಯಿತು. ಮೂರನೆಯ ಹುಡುಗ ಆ ದಿನ ಊರಿಗೆ ಹೋಗಿದ್ದ ಎಂಬುದು ಬೆಳಗಾದ ಮೇಲೆ ತಿಳಿಯಿತು. ಮೂರನೆಯ ದಿನ ಸಂತೆಬೀದಿಯ ಬಾಯಿಯಲ್ಲಿ ಹತ್ತಡಿಯ ಫ್ಲೆಕ್ಸ್ ಕಟ್ಟಿದರು: ಭಾವಪೂರ್ಣ ಶ್ರದ್ಧಾಂಜಲಿ, ನಮ್ಮೂರಿನ ವೀರಪುತ್ರ. ಅವನ ಹೆಸರಿನ ಕಾಗುಣಿತ ತಪ್ಪಾಗಿತ್ತು. ಫೋಟೋದ ಸುತ್ತ ಊರಿನ ಹತ್ತೊಂಬತ್ತು ಮುಖಂಡರ ಮುಖಗಳಿದ್ದವು.

ತಿಂಗಳೆರಡು ತಿಂಗಳ ನಂತರ ಅವನ ಹೆಂಡತಿಯ ತಮ್ಮ ನೇಪಾಳದಿಂದ ಬಂದ. ಪರಿಹಾರಕ್ಕೆಂದು ಹಿಂದಿಯಲ್ಲಿ ಬರೆಸಿದ್ದ ಅರ್ಜಿ ನನ್ನ ಮೇಜಿಗೆ ಬಂತು. ಆಗ ನಾನು ಆ ಶಾಖೆಯ ಕೇಸ್ ವರ್ಕರ್. ಪರಿಹಾರದ ಪ್ರಸ್ತಾವನೆ ಮೇಲಕ್ಕೆ ಹೋಗಬೇಕಾದರೆ ವಂಶವೃಕ್ಷ ಬೇಕು, ವಂಶವೃಕ್ಷ ಕೊಡಬೇಕಾದರೆ ಗ್ರಾಮ ಲೆಕ್ಕಿಗರು ಮಹಜರು ಮಾಡಬೇಕು, ಮಹಜರಿಗೆ ಕುಟುಂಬ ಇಲ್ಲಿ ವಾಸವಿರಬೇಕು, ವಾಸಕ್ಕೆ ಪಡಿತರ ಚೀಟಿ ಬೇಕು. ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ ಎಲ್ಲರೂ ನೇಪಾಳದ ಪಶ್ಚಿಮ ಬೆಟ್ಟದ ಯಾವುದೋ ಹಳ್ಳಿಯಲ್ಲಿದ್ದರು. ಅಂಗಡಿಯವರ ಸಂಘದವರು ತಾವು ನೇಮಿಸಿಕೊಂಡಿದ್ದೇ ಇಲ್ಲ, ಅವನು ತಾನಾಗಿ ಸುತ್ತುತ್ತಿದ್ದ, ತಾವು ದಯದಿಂದ ಕೊಡುತ್ತಿದ್ದೆವು ಎಂದು ಹೇಳಿಕೆ ಬರೆದುಕೊಟ್ಟರು. ವೀರಪುತ್ರ ಎಂದು ಫ್ಲೆಕ್ಸ್ ಕಟ್ಟಿಸಿದ ಕೈಗಳೇ ಆ ಹೇಳಿಕೆಗೂ ರುಜು ಹಾಕಿದ್ದವು. ಕೊನೆಗೆ ಟಿಪ್ಪಣಿ ಬರೆದವನು ನಾನೇ: ಮೃತರು ವಿದೇಶೀಯರಾಗಿದ್ದು, ವಾರಸುದಾರರು ಈ ತಾಲ್ಲೂಕಿನ ನಿವಾಸಿಗಳಲ್ಲದ ಕಾರಣ ಅರ್ಜಿದಾರರಿಗೆ ಹಿಂಬರಹ ನೀಡಬಹುದಾಗಿದೆ. ಹಿಂಬರಹ ಎಂದರೆ ನಿಮ್ಮ ಕೋರಿಕೆ ಆಗದೆಂದು ಕಚೇರಿ ಬರೆದುಕೊಡುವ ಕಾಗದ. ನಿಯಮದ ದೃಷ್ಟಿಯಿಂದ ಆ ಷರಾದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ, ಮತ್ತು ಅದನ್ನು ಬರೆಯುವಾಗ ನನಗೆ ಏನೂ ಅನಿಸಲೂ ಇಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆ ಹುಡುಗ ಹಿಂಬರಹ ಮಡಚಿ ಜೇಬಿಗಿಟ್ಟುಕೊಂಡು, ಮರಣ ಪ್ರಮಾಣಪತ್ರದ ಇನ್ನೊಂದು ಪ್ರತಿ ಸಿಗುತ್ತದೆಯೇ ಎಂದು ಕೇಳಿದ. ಮರಣ ಪ್ರಮಾಣಪತ್ರದಲ್ಲಿ ಎರಡು ವಿಳಾಸಗಳಿರುತ್ತವೆ, ಒಂದು ಖಾಯಂ ವಿಳಾಸ, ಇನ್ನೊಂದು ಮರಣ ಕಾಲದ ವಿಳಾಸ. ಹನ್ನೆರಡು ವರ್ಷ ನಮ್ಮ ಬೀದಿ ಕಾಯ್ದವನ ಹೆಸರಿನ ಜೊತೆಗೆ ನಮ್ಮ ಊರಿನ ಹೆಸರು ಸರ್ಕಾರಿ ಕಾಗದದಲ್ಲಿ ಬಂದಿದ್ದು ಆ ಎರಡನೆಯ ಜಾಗದಲ್ಲಿ ಮಾತ್ರ.

ಅಮೆರಿಕದವರು ತಮ್ಮ ಫ್ಲೆಕ್ಸನ್ನು ಖಾತೆಯಾಗಿ ಬದಲಾಯಿಸಿದ್ದು 2003ರ ನವೆಂಬರ್‌ನಲ್ಲಿ. ರಕ್ಷಣಾ ವೆಚ್ಚದ ಅಧಿಕಾರ ಕೊಡುವ ಕಾಯ್ದೆಯೊಳಗೆ ತಿದ್ದುಪಡಿ ಸೇರಿಸಿ, ಮರಣೋತ್ತರ ಪೌರತ್ವ ಪಡೆದ ಸೈನಿಕನ ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆತಾಯಿ ಇವರನ್ನು ಒಬ್ಬ ಅಮೆರಿಕನ್ ಪ್ರಜೆಯ ಹತ್ತಿರದ ಸಂಬಂಧಿಕರೆಂದೇ ಪರಿಗಣಿಸಿ ಅಲ್ಲಿ ನೆಲೆಸುವ ಅರ್ಜಿ ಹಾಕಲು ಅವಕಾಶ ಕೊಟ್ಟರು. ಪೌರತ್ವದ ಅರ್ಜಿಯನ್ನು ಹತ್ತಿರದ ಸಂಬಂಧಿಕರು ಸಾವಾದ 2 ವರ್ಷದೊಳಗೆ ಸಲ್ಲಿಸಬೇಕು. ನಮ್ಮಲ್ಲಿ ಸರ್ಕಾರಿ ನೌಕರ ಸತ್ತರೆ ಅನುಕಂಪದ ನೌಕರಿಗೆ 1996ರ ನಿಯಮಗಳಂತೆ 1 ವರ್ಷದೊಳಗೆ ಅರ್ಜಿ ಹಾಕಬೇಕಾದ ಹಾಗೆಯೇ ಇದು. ಈ ಗಡುವುಗಳ ಬಗ್ಗೆ ನನಗೊಂದು ಹಳೆಯ ತಕರಾರಿದೆ. ತಿಥಿ ಮುಗಿದು, ಸಾಲಗಾರರು ಬಂದು ಹೋಗಿ, ಹೆಂಗಸು ಒಬ್ಬಳೇ ಕಚೇರಿಯ ಮೆಟ್ಟಿಲು ಹತ್ತುವ ಧೈರ್ಯ ತಂದುಕೊಳ್ಳುವ ಹೊತ್ತಿಗೆ ಒಂದು ವರ್ಷ ಕಳೆದೇ ಹೋಗಿರುತ್ತದೆ. ಗಡುವು ಮೀರಿದ ಕಾರಣಕ್ಕೆ ತಿರಸ್ಕೃತವಾದ ಕಡತಗಳನ್ನು ನಾನು ಕಂಡಷ್ಟು, ಅರ್ಹತೆಯಿಲ್ಲದ ಕಾರಣಕ್ಕೆ ತಿರಸ್ಕೃತವಾದವನ್ನು ಕಂಡಿಲ್ಲ.

ಆದರೆ ಇದೆಲ್ಲ ಸೈನಿಕರ ಮಾತಾಯಿತು. ಅಗ್ನಿಶಾಮಕ ಸಿಬ್ಬಂದಿ, ಆಂಬುಲೆನ್ಸಿನವರು, ಆಸ್ಪತ್ರೆಯ ತುರ್ತು ವಿಭಾಗದವರು ಈ ಕಾಯ್ದೆಯೊಳಗೆ ಬರುವುದಿಲ್ಲ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ 343 ಮಂದಿ ಅಗ್ನಿಶಾಮಕ ಸಿಬ್ಬಂದಿ ಸತ್ತ ಮೇಲೆ, ಸಮವಸ್ತ್ರದಲ್ಲಿ ಸತ್ತವನಿಗೂ ಸೈನಿಕನಿಗೂ ಏನು ವ್ಯತ್ಯಾಸ ಎಂಬ ಪ್ರಶ್ನೆಗೆ ಬಲ ಬಂತು. ಆ ವರ್ಷದ ಪೇಟ್ರಿಯಾಟ್ ಕಾಯ್ದೆಯಲ್ಲಿ ದಾಳಿಗೆ ಬಲಿಯಾದ ವಿದೇಶೀಯರ ಕುಟುಂಬಗಳ ವಲಸೆ ಅರ್ಜಿಗಳು ಬಿದ್ದುಹೋಗದಂತೆ ಕಾಪಾಡುವ ಅಂಶಗಳನ್ನು ಸೇರಿಸಿದ್ದರು. ಅದು ಆ ಒಂದು ದುರಂತಕ್ಕೆ ಮಾಡಿದ ಏರ್ಪಾಡು. ಸಾಮಾನ್ಯ ದಿನದ ಸಾಮಾನ್ಯ ಬೆಂಕಿಯಲ್ಲಿ ಸಾಯುವ ವಲಸಿಗನಿಗೆ ಅದರಿಂದ ಏನೂ ಇಲ್ಲ.

ಸೈನಿಕರಿಗೆ ಕೊಟ್ಟದ್ದನ್ನು ತುರ್ತು ಸೇವೆಯವರಿಗೆ ವಿಸ್ತರಿಸುವುದರಲ್ಲಿ ನಿಜವಾದ ಕಷ್ಟವೂ ಒಂದಿದೆ, ಅದನ್ನು ಬರಿಯ ಮನಸ್ಸಿಲ್ಲದ ನೆಪವೆಂದು ನಾನು ತಳ್ಳಿಹಾಕಲಾರೆ. ಸೈನಿಕನ ಹೆಸರು ಒಂದೇ ಪಟ್ಟಿಯಲ್ಲಿರುತ್ತದೆ. ಸೇರಿದ ದಿನ, ಸತ್ತ ದಿನ, ಸತ್ತ ಜಾಗ ಎಲ್ಲಕ್ಕೂ ಸೇನೆಯೇ ಸಾಕ್ಷಿ. ತುರ್ತು ಕೆಲಸದವರ ಪಟ್ಟಿ ಯಾರ ಬಳಿ ಇದೆ? ಸ್ವಯಂಸೇವಕ ಅಗ್ನಿಶಾಮಕರು ಒಂದು ಕಡೆ, ಖಾಸಗಿ ಆಂಬುಲೆನ್ಸ್ ಒಂದು ಕಡೆ, ಗುತ್ತಿಗೆದಾರನ ಆಳು ಇನ್ನೊಂದು ಕಡೆ. 2024ರ ಮಾರ್ಚ್ 26ರ ನಸುಕಿನಲ್ಲಿ ಬಾಲ್ಟಿಮೋರ್ ನಗರದ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಗೆ ಡಾಲಿ ಎಂಬ ಸರಕು ಹಡಗು ಬಡಿದಾಗ, ಸೇತುವೆಯ ಮೇಲೆ ರಾತ್ರಿ ಪಾಳಿಯಲ್ಲಿ ರಸ್ತೆಗುಂಡಿ ಮುಚ್ಚುತ್ತಿದ್ದ 6 ಮಂದಿ ಸತ್ತರು. ಮೆಕ್ಸಿಕೋ, ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್‌ಗಳಿಂದ ಬಂದ ವಲಸಿಗರು ಅವರು. ಹಡಗಿನ ಸಿಬ್ಬಂದಿಯಲ್ಲಿ ಬಹುಪಾಲು ನಮ್ಮ ಭಾರತದವರು ಎಂದು ಆಗ ಇಲ್ಲಿನ ಪತ್ರಿಕೆಗಳು ಬರೆದದ್ದು ನೆನಪಿರಬಹುದು. ಗುಂಡಿ ಮುಚ್ಚುವವನು ತುರ್ತು ಕೆಲಸಗಾರನೇ? ಅವನು ಮುಚ್ಚದಿದ್ದರೆ ಆಂಬುಲೆನ್ಸ್ ಓಡುವುದಿಲ್ಲ ಎನ್ನಬಹುದು; ಹಾಗೆಂದರೆ ಯಾರನ್ನು ಬಿಡುವುದು ಎಂದೂ ಕೇಳಬಹುದು.

ಇದಕ್ಕೆ ಉತ್ತರ ಇಲ್ಲವೆಂದಲ್ಲ. 2020ರ ಮಾರ್ಚ್ ಕೊನೆಯಲ್ಲಿ ನಮ್ಮ ಕೇಂದ್ರ ಸರ್ಕಾರ ಕೋವಿಡ್ ಕೆಲಸದಲ್ಲಿ ಸತ್ತ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷ ರೂಪಾಯಿಯ ವಿಮೆ ತಂದಾಗ, ಆದೇಶದಲ್ಲಿ ಖಾಸಗಿ ಆಸ್ಪತ್ರೆಯವರು, ನಿವೃತ್ತರು, ಸ್ವಯಂಸೇವಕರು, ಗುತ್ತಿಗೆ, ಹೊರಗುತ್ತಿಗೆ, ದಿನಗೂಲಿ ಎಂದು ಒಂದೊಂದಾಗಿ ಹೆಸರಿಸಿ ಬರೆದಿದ್ದರು. ಆ ಹಣ ಎಲ್ಲರಿಗೂ ಸಲೀಸಾಗಿ ಕೈಸೇರಿತೆಂದು ನಾನು ಹೇಳುತ್ತಿಲ್ಲ. ವ್ಯಾಖ್ಯೆ ಬರೆಯಲು ಮನಸ್ಸು ಮಾಡಿದರೆ ಕಸ ಗುಡಿಸುವವಳನ್ನೂ ಒಳಗೆ ತರುವ ಹಾಗೆ ಬರೆಯಬಹುದು ಎಂದಷ್ಟೇ ಹೇಳುತ್ತಿದ್ದೇನೆ. ಸ್ಥಳ ಮಹಜರು ಮತ್ತು ಮೇಲಧಿಕಾರಿಯ ದೃಢೀಕರಣ ಇದ್ದರೆ ಒಬ್ಬನು ಯಾವ ಕೆಲಸ ಮಾಡುವಾಗ ಸತ್ತ ಎಂಬುದನ್ನು ಪಟ್ಟಿಯಿಲ್ಲದೆಯೂ ತೀರ್ಮಾನಿಸಲು ಬರುತ್ತದೆ. ಸಂತೆಬೀದಿಯ ಆ ಗೋದಾಮಿನ ಪಂಚನಾಮೆಯಲ್ಲೇ ಅವನು ಇಬ್ಬರನ್ನು ಉಳಿಸಿದ ಸಂಗತಿ ಸ್ಪಷ್ಟವಾಗಿ ಬರೆದಿತ್ತು.

ವ್ಯಾಖ್ಯೆಗಿಂತ ಮುಖ್ಯವಾದದ್ದು ಹಿಂದೆ ಉಳಿದವರ ಸ್ಥಿತಿ. ಪರದೇಶದಲ್ಲಿ ದುಡಿಯುವವರ ಹೆಂಡತಿ ಮಕ್ಕಳ ವೀಸಾ ಸಾಮಾನ್ಯವಾಗಿ ಆ ದುಡಿಯುವವರ ವೀಸಾದ ನೆರಳಿನಲ್ಲಿರುತ್ತದೆ. ಮರ ಬಿದ್ದರೆ ನೆರಳೂ ಹೋಯಿತು. 2017ರ ಫೆಬ್ರುವರಿಯಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಒಲೇಥಾ ಎಂಬಲ್ಲಿ ದ್ವೇಷದ ಗುಂಡೇಟಿಗೆ ಹೈದರಾಬಾದ್ ಮೂಲದ ಒಬ್ಬ ಎಂಜಿನಿಯರ್ ಬಲಿಯಾದಾಗ, ಅಂತ್ಯಕ್ರಿಯೆಗೆಂದು ಭಾರತಕ್ಕೆ ಬಂದ ಹೆಂಡತಿಗೆ ತನ್ನ ಮನೆಗೆ ಮರಳಿ ಹೋಗುವ ಹಕ್ಕೇ ಇರಲಿಲ್ಲ. ಅಲ್ಲಿನ ಸಂಸದರೊಬ್ಬರು ನಿಂತು ತಾತ್ಕಾಲಿಕ ವೀಸಾ ಕೊಡಿಸಬೇಕಾಯಿತು. ಆ ಎಂಜಿನಿಯರ್ ತುರ್ತು ಸೇವೆಯವರಲ್ಲ, ನಿಜ. ಆದರೆ ಗಂಡ ಸತ್ತ ವಾರದಲ್ಲೇ ಹೆಂಡತಿ ಪರದೇಶಿಯಾಗುವ ಬಗೆ ಎಲ್ಲರಿಗೂ ಒಂದೇ. ದುಡ್ಡು ಕೊಟ್ಟರೆ ಸಾಲದೇ, ಪೌರತ್ವವೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಮಕ್ಕಳು ಓದುತ್ತಿರುವ ಶಾಲೆಯಿಂದ ಎಬ್ಬಿಸಿ ಕಳಿಸುವಾಗ ಕೈಗಿಡುವ ಪರಿಹಾರ ದಾರಿಖರ್ಚಾಗುತ್ತದೆ.

ನನಗೆ ಇದು ಬರಿಯ ಓದಿನ ವಿಷಯವಾಗಿ ಉಳಿಯದೆ ಮನೆಯ ವಿಷಯವಾದದ್ದು 2020ರಲ್ಲಿ. ನನ್ನ ಅಕ್ಕನ ಮಗಳು ಮುಳಬಾಗಿಲಿನವಳು, ಬಿಎಸ್ಸಿ ನರ್ಸಿಂಗ್ ಓದಿ 2018ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಗಂಡ ಮತ್ತು ಮಗು ಅವಳ ವೀಸಾದ ಆಸರೆಯಲ್ಲಿದ್ದರು. ಆ ಏಪ್ರಿಲ್‌ನಲ್ಲಿ ಅಲ್ಲಿ ಸತ್ತ ಮೊದಮೊದಲ ವೈದ್ಯರಲ್ಲಿ ಬಹುಪಾಲು ವಲಸೆಯ ಹಿನ್ನೆಲೆಯವರೇ ಆಗಿದ್ದರು. ತಿಂಗಳ ಕೊನೆಗೆ ಅಲ್ಲಿನ ಗೃಹ ಇಲಾಖೆ, ಕೋವಿಡ್‌ನಿಂದ ಸತ್ತ ಆರೋಗ್ಯ ಸಿಬ್ಬಂದಿಯ ಕುಟುಂಬದವರಿಗೆ ಶುಲ್ಕವಿಲ್ಲದೆ, ಕೂಡಲೇ ಶಾಶ್ವತ ವಾಸದ ಅನುಮತಿ ಕೊಡುವುದಾಗಿ ಪ್ರಕಟಿಸಿತು. ಅದು ಪೌರತ್ವವಲ್ಲ, ಅದರ ಹಿಂದಿನ ಮೆಟ್ಟಿಲು. ಆ ರಾತ್ರಿ ಅವಳು ಫೋನ್ ಮಾಡಿದ್ದಳು. “ಮಾಮ, ನಾನು ಸತ್ರೆ ಇವ್ರಿಬ್ರಿಗೂ ಇಲ್ಲೇ ಇರೋಕೆ ಬಿಡ್ತಾರಂತೆ. ಬದುಕಿದ್ರೆ ಇನ್ನೂ ಮೂರು ವರ್ಷ ಕಾಯ್ಬೇಕು, ದುಡ್ಡೂ ಕಟ್ಬೇಕು” ಎಂದು ನಕ್ಕಳು. ಆಗ ಆ ಶಾಶ್ವತ ವಾಸದ ಅರ್ಜಿಗೆ ಒಬ್ಬೊಬ್ಬರಿಗೆ 2,389 ಪೌಂಡ್ ಶುಲ್ಕವಿತ್ತು. ಪಕ್ಕದಲ್ಲಿದ್ದ ಅಕ್ಕನಿಗೆ ಕೇಳಿಸದಿರಲೆಂದು ನಾನು ಫೋನ್ ಹಿಡಿದು ಅಂಗಳಕ್ಕೆ ಬಂದೆ. ಬದುಕಿಗಿಂತ ಸಾವಿಗೆ ಸುಲಭದ ಬಾಗಿಲಿಟ್ಟ ಆ ಲೆಕ್ಕವನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದಳು.

ಆ ಯೋಜನೆಯಲ್ಲಿ ಇನ್ನೊಂದು ಕೊರತೆಯಿತ್ತು. ವೈದ್ಯರು, ನರ್ಸುಗಳು, ಪ್ಯಾರಾಮೆಡಿಕ್‌ಗಳಂಥ ವೃತ್ತಿಯವರು ಒಳಗಿದ್ದರು. ವಾರ್ಡ್ ತೊಳೆಯುವವರು, ರೋಗಿಗಳನ್ನೂ ಹೆಣಗಳನ್ನೂ ತಳ್ಳಿಕೊಂಡು ಹೋಗುವ ಪೋರ್ಟರುಗಳು, ವೃದ್ಧರ ಆರೈಕೆ ಮನೆಗಳವರು ಹೊರಗಿದ್ದರು. ಅವಳ ವಾರ್ಡಿನ ಪೋರ್ಟರ್ ಫಿಲಿಪ್ಪೀನ್ಸಿನವನು, ಪಾಳಿಯಲ್ಲಿ ಅವಳಿಗಿಂತ ಹೆಚ್ಚು ಸಲ ಸೋಂಕಿತರನ್ನು ಮುಟ್ಟುತ್ತಿದ್ದವನು. ಸಿರಿಯಾದಿಂದ ನಿರಾಶ್ರಿತನಾಗಿ ಬಂದು ಲಂಡನ್ನಿನ ಆಸ್ಪತ್ರೆಯಲ್ಲಿ ಸ್ವಚ್ಛತೆಯ ಕೆಲಸಕ್ಕೆ ಸೇರಿದ್ದ ಚಿತ್ರನಿರ್ದೇಶಕ ಹಸನ್ ಅಕ್ಕಾದ್ ಪ್ರಧಾನಿಯನ್ನು ಉದ್ದೇಶಿಸಿ ಮಾಡಿದ ವಿಡಿಯೋ ಜನರನ್ನು ಮುಟ್ಟಿತು, ಪ್ರತಿಭಟನೆ ಎದ್ದಿತು, ಮೇ 20ರಂದು ಸರ್ಕಾರ ಅವರೆಲ್ಲರನ್ನೂ ಒಳಗೆ ಸೇರಿಸಿತು. ನಮ್ಮ ಕೆಜಿಎಫ್‌ನ ಕಥೆ ಬಲ್ಲವರಿಗೆ ಈ ಮೇಲುಕೀಳು ಹೊಸದೇನಲ್ಲ. 1880ರಿಂದ 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವವರೆಗೆ, ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರು ತಮಿಳು ತೆಲುಗು ಸೀಮೆಗಳಿಂದ ಬಂದವರು. ಕಲ್ಲು ಸಿಡಿದು ಸುರಂಗ ಕುಸಿದಾಗ ಉಳಿದವರನ್ನು ತರಲು ಇಳಿಯುತ್ತಿದ್ದವರೂ ಅವರ ನಡುವಿನವರೇ. ಅವರು ಯಾವ ದೇಶದ ಪ್ರಜೆಗಳೆಂಬ ಪ್ರಶ್ನೆ ಏಳಲಿಲ್ಲವಾದರೂ, ಯಾವ ಊರಿನವರೆಂಬ ಪ್ರಶ್ನೆ ಅವರ ಮೊಮ್ಮಕ್ಕಳ ಕಾಲದವರೆಗೂ ಏಳುತ್ತಲೇ ಇದೆ.

ನಾನು ಓದಿದ ಕಾನೂನುಗಳಲ್ಲಿ ಗುಮಾಸ್ತನ ಕಣ್ಣಿಗೆ ಅಚ್ಚುಕಟ್ಟಾಗಿ ಕಂಡದ್ದು ಫ್ರಾನ್ಸಿನದು. ಅಲ್ಲಿನ ಸೇನೆಯಲ್ಲಿ, ಮುಖ್ಯವಾಗಿ 1831ರಲ್ಲಿ ಕಟ್ಟಿದ ಫಾರಿನ್ ಲೀಜನ್ ಎಂಬ ಪರದೇಶಿಗರ ಪಡೆಯಲ್ಲಿ, ಕಾರ್ಯಾಚರಣೆಯಲ್ಲಿ ಗಾಯಗೊಂಡವನು ಕೇಳಿದರೆ ಪೌರತ್ವ ಕೊಡಬೇಕೆಂದು 1999ರ ಡಿಸೆಂಬರ್‌ನಲ್ಲಿ ಕಾನೂನಾಯಿತು. ಸುರಿಸಿದ ರಕ್ತದಿಂದ ಫ್ರೆಂಚನಾದವನು ಎಂದು ಅಲ್ಲಿನ ಆಡುಮಾತು. ಅವನು ಸತ್ತಿದ್ದರೆ ಅದೇ ದಾರಿ ಅವನ ಜೊತೆ ವಾಸವಿದ್ದ ಅಪ್ರಾಪ್ತ ಮಕ್ಕಳಿಗೆ ತೆರೆಯುತ್ತದೆ. ಸತ್ತವನನ್ನು ಪ್ರಜೆ ಮಾಡುವ ಸುತ್ತುಬಳಸು ಇಲ್ಲದೆ ಹಕ್ಕು ನೇರವಾಗಿ ಮಗುವಿಗೆ ಹೋಗುತ್ತದೆ. ಸ್ಪೇನ್ ಕೂಡ 2004ರ ಮಾರ್ಚ್ 11ರ ಮ್ಯಾಡ್ರಿಡ್ ರೈಲು ಸ್ಫೋಟಗಳ ನಂತರ ಒಂದೇ ವಾರದಲ್ಲಿ ಆಜ್ಞೆ ಹೊರಡಿಸಿ, ಗಾಯಗೊಂಡ ವಿದೇಶೀಯರಿಗೂ ಸತ್ತವರ ಗಂಡ ಹೆಂಡತಿ, ಮಕ್ಕಳು, ತಂದೆತಾಯಿಗೂ ಪೌರತ್ವದ ದಾರಿ ಮಾಡಿತು. ಬೆಳಗಿನ ರೈಲಿನಲ್ಲಿ ಕೆಲಸಕ್ಕೆ ಹೊರಟಿದ್ದ ಸಾಮಾನ್ಯ ಜನ ಅವರು. ಬದುಕಿರುವ ಸಾಹಸಿಗರಿಗೂ ಫ್ರಾನ್ಸ್ ಕೊಟ್ಟದ್ದುಂಟು: 2018ರಲ್ಲಿ ಪ್ಯಾರಿಸ್ಸಿನ ಕಟ್ಟಡವೊಂದರ ನಾಲ್ಕು ಮಹಡಿಗಳನ್ನು ಬರಿಗೈಯಲ್ಲಿ ಹತ್ತಿ, ನೇತಾಡುತ್ತಿದ್ದ ಮಗುವನ್ನು ಉಳಿಸಿದ ಮಾಲಿ ದೇಶದ ಮಾಮೂದು ಗಸಾಮಾ ಅಲ್ಲಿನ ಪ್ರಜೆಯಾದ, ಅಗ್ನಿಶಾಮಕ ದಳವನ್ನೂ ಸೇರಿದ. ಸಂತೋಷವೇ. ಆದರೆ ವಿಡಿಯೋ ಯಾರೂ ತೆಗೆಯದ ಮಹಡಿ ಹತ್ತಿದವರ ಗತಿಯೇನು ಎಂಬ ಕೊಂಕು ನನ್ನಲ್ಲಿ ಉಳಿದೇ ಇದೆ.

ಸತ್ತವನಿಗೆ ಪೌರತ್ವ ಹೊರಿಸುವುದರ ವಿರುದ್ಧ ಒಂದು ಗಟ್ಟಿಯಾದ ಆಕ್ಷೇಪವಿದೆ. ಪೌರತ್ವ ಕೇಳಿ ಪಡೆಯುವಂಥದ್ದು. ಕೇಳಲು ಬಾಯಿಲ್ಲದವನಿಗೆ ಕೊಟ್ಟರೆ, ಅವನು ಅದನ್ನು ಬಯಸಿದ್ದನೇ ಎಂದು ತಿಳಿಯುವುದು ಹೇಗೆ? ದುಡಿದು ನಾಲ್ಕು ಕಾಸು ಮಾಡಿಕೊಂಡು ತನ್ನ ಊರಿಗೆ ಮರಳಿ ಸಾಯಬೇಕೆಂದುಕೊಂಡವನನ್ನು, ಸತ್ತ ತಪ್ಪಿಗೆ ಬೇರೆ ದೇಶದವನೆಂದು ಬರೆಯುವುದು ಒಂದು ಬಗೆಯ ಒತ್ತುವರಿಯೇ. ಭಾರತದಂತೆ ಇಬ್ಬಗೆಯ ಪೌರತ್ವ ಒಪ್ಪದ ದೇಶಗಳವರಿಗೆ ಇದು ಇನ್ನೂ ಸೂಕ್ಷ್ಮ. ಅಮೆರಿಕದ ಕಾಯ್ದೆ ಹತ್ತಿರದ ಸಂಬಂಧಿಕರ ಅರ್ಜಿಯಿಲ್ಲದೆ ಕೊಡದಿರುವುದು ಈ ದೃಷ್ಟಿಯಿಂದ ಸರಿ. ನನ್ನ ಕೇಳಿದರೆ, ಸತ್ತವನ ರಾಷ್ಟ್ರೀಯತೆಯನ್ನು ಮುಟ್ಟದೆ ಬಿಟ್ಟು, ಇದ್ದವರು ಬಯಸಿದರೆ ಅವರಿಗೆ ಹಕ್ಕು ಕೊಡುವ ಫ್ರೆಂಚರ ದಾರಿಯೇ ಮೇಲು.

ನಮ್ಮ ದೇಶದ 1955ರ ಪೌರತ್ವ ಕಾಯ್ದೆ ವಿಜ್ಞಾನ, ತತ್ತ್ವಶಾಸ್ತ್ರ, ಕಲೆ, ಸಾಹಿತ್ಯ, ವಿಶ್ವಶಾಂತಿ, ಮಾನವ ಪ್ರಗತಿ ಇವುಗಳಿಗೆ ವಿಶೇಷ ಸೇವೆ ಮಾಡಿದ ವಿದೇಶೀಯರಿಗೆ ಉಳಿದ ಷರತ್ತುಗಳನ್ನು ಸಡಿಲಿಸಿ ಪೌರತ್ವ ಕೊಡಬಹುದೆಂದು 6ನೇ ಕಲಮಿನಲ್ಲಿ ಹೇಳುತ್ತದೆ. ಆದರೆ ಆ ಕಲಮು ಅರ್ಜಿದಾರನ ಮಾತಾಡುತ್ತದೆ, ಸತ್ತವನು ಅರ್ಜಿ ಹಾಕಲಾರ. ಉರಿಯುವ ಗೋದಾಮಿಗೆ ಎರಡನೆಯ ಸಲ ನುಗ್ಗುವುದು ಮಾನವ ಪ್ರಗತಿಗೆ ಮಾಡಿದ ಸೇವೆಯೇ ಎಂದು ಯಾವ ಕೇಸ್ ವರ್ಕರನೂ ಟಿಪ್ಪಣಿ ಬರೆಯಲಾರ. ಹಾಗೆಂದು ಗಡಿಯಾಚೆಯ ವಾರಸುದಾರರಿಗೆ ತಲುಪಿಸುವುದು ನಮ್ಮ ಸರ್ಕಾರಕ್ಕೆ ಬಾರದ ವಿದ್ಯೆಯಲ್ಲ. ನೇಪಾಳದ ಪ್ರಜೆಗಳಾಗಿದ್ದುಕೊಂಡೇ ನಮ್ಮ ಸೇನೆಯ ಗೂರ್ಖಾ ರೆಜಿಮೆಂಟುಗಳಲ್ಲಿ ದುಡಿದವರಿಗೂ ಅವರ ವಿಧವೆಯರಿಗೂ ಪಿಂಚಣಿ ಕೊಡಲು ಕಾಠ್ಮಂಡು, ಪೋಖರಾ, ಧರಾನ್‌ಗಳಲ್ಲಿ ನಮ್ಮ ಪಿಂಚಣಿ ಕಚೇರಿಗಳೇ ಇವೆ. ಅದೇ ಬೆಟ್ಟದ, ಬಹುಶಃ ಅದೇ ಮನೆತನದ ಇನ್ನೊಬ್ಬ ಮಗ ರೆಜಿಮೆಂಟಿನ ಬದಲು ಸಂತೆಬೀದಿಗೆ ಬಂದದ್ದರಿಂದ ಅವನ ಹೆಂಡತಿಗೆ ಸಿಕ್ಕಿದ್ದು ನನ್ನ ಹಿಂಬರಹ. ಅವರು ನಮ್ಮ ಪೌರತ್ವ ಕೇಳಿರಲೂ ಇಲ್ಲ, ಕೇಳಿದ್ದು ಒಂದಿಷ್ಟು ಪರಿಹಾರ.

ಇನ್ನು, ಸಾವಿಗಾಗಿ ಕಾಯದೆ ಕೊಟ್ಟವರ ಲೆಕ್ಕವನ್ನೂ ಹೇಳಬೇಕು. 2020ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಪೌರತ್ವ ಖಾತೆಯ ಸಚಿವೆ ಮಾರ್ಲೀನ್ ಶಿಯಾಪ್ಪಾ ಅವರು, ಸಾಂಕ್ರಾಮಿಕದ ಮುಂಚೂಣಿಯಲ್ಲಿ ದುಡಿದ ವಿದೇಶೀಯರ ಅರ್ಜಿಗಳನ್ನು ತ್ವರಿತವಾಗಿ ನೋಡಬೇಕೆಂದೂ, 5 ವರ್ಷದ ವಾಸದ ಬದಲು 2 ವರ್ಷ ಸಾಕೆಂದೂ ಅಧಿಕಾರಿಗಳಿಗೆ ಸೂಚಿಸಿದರು. ನರ್ಸುಗಳ ಜೊತೆಗೆ ಕಸದ ಗಾಡಿಯವರು, ಅಂಗಡಿಯ ಕ್ಯಾಷಿಯರುಗಳು, ಮಕ್ಕಳನ್ನು ನೋಡಿಕೊಳ್ಳುವವರು ಎಲ್ಲರೂ ಅದರಲ್ಲಿದ್ದರು. ಒಂದು ವರ್ಷದಲ್ಲಿ 12,000ಕ್ಕೂ ಹೆಚ್ಚು ಮಂದಿ ಬದುಕಿದ್ದುಕೊಂಡೇ ಪ್ರಜೆಗಳಾದರು. ಮರಣೋತ್ತರ ಪೌರತ್ವದ ಕಾನೂನು ಬೇಕು ಎಂಬವರ ಕಡೆಯವನೇ ನಾನು. ಆದರೆ ಅಂಥ ಕಾನೂನಿನ ಮೊದಲ ಪುಟ ಹೀಗಿದ್ದು, ಸತ್ತವರ ಕಲಮು ಹಿಂದಿನ ಪುಟಗಳಲ್ಲೆಲ್ಲೋ ಬರಬೇಕು.

ಅಕ್ಕನ ಮಗಳು ಸಾಯಲಿಲ್ಲ. ಮೂರು ವರ್ಷ ಕಾದು, ದುಡ್ಡು ಕಟ್ಟಿ, ಶಾಶ್ವತ ವಾಸದ ಅನುಮತಿ ಪಡೆದು, ಆಮೇಲೆ ಅಲ್ಲಿನ ಪ್ರಜೆಯೂ ಆದಳು. ನಮ್ಮ ಪಾಸ್‌ಪೋರ್ಟ್ ಒಪ್ಪಿಸಿ, ವಿದೇಶೀ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಮಾಡಿಸಿಕೊಂಡಿದ್ದಾಳೆ. ಆ ಪೋರ್ಟರ್ ಬೇರೆ ಆಸ್ಪತ್ರೆಗೆ ಹೋದನಂತೆ. ಕಳೆದ ವರ್ಷ ಭಾವ ತೀರಿಕೊಂಡರು. ಮುಳಬಾಗಿಲಿನ ಹತ್ತಿರ ಅವರ ಹೆಸರಿನಲ್ಲಿ ಎರಡೆಕರೆ ಚಿಲ್ಲರೆ ಹೊಲವಿತ್ತು. ಅಕ್ಕ ನಡೆದಾಡಲಾರಳು ಎಂದು ಪೌತಿ ಖಾತೆಯ ಅರ್ಜಿ ನಾನೇ ಬರೆದುಕೊಂಡು ಹೋದೆ. ಗ್ರಾಮ ಆಡಳಿತಾಧಿಕಾರಿ ಚಿಕ್ಕ ವಯಸ್ಸಿನ ಹುಡುಗಿ, ವಂಶವೃಕ್ಷದ ಮೇಲೆ ಪೆನ್ನಿಟ್ಟು, “ಸಾರ್, ಮಗಳು ಫಾರಿನ್ ಸಿಟಿಜನ್ ಅಂತೀರಲ್ಲ, ಅವ್ರ ಹೆಸ್ರು ಸೇರಿಸ್ಬಹುದಾ?” ಎಂದು ಕೇಳಿದಳು. ಓಸಿಐ ಕಾರ್ಡಿನವರು ಕೃಷಿ ಭೂಮಿ ಕೊಳ್ಳುವ ಹಾಗಿಲ್ಲ, ಆದರೆ ತಂದೆಯಿಂದ ವಾರಸಾಗಿ ಬರುವುದಕ್ಕೆ ಅಡ್ಡಿಯಿಲ್ಲಮ್ಮ ಎಂದು ವಿವರಿಸಿದೆ. ಅವಳು ಮೇಲಿನವರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡಳು. ಅಕ್ಕನ ಹೆಸರಿನ ಕೆಳಗೆ ಮಗಳ ಹೆಸರು ಬರೆದು, ವಿಳಾಸದ ಜಾಗದಲ್ಲಿ ಇಂಗ್ಲೆಂಡಿನ ಮನೆ ನಂಬರು, ಬೀದಿ, ಪೋಸ್ಟ್ ಕೋಡ್ ಎಲ್ಲವನ್ನೂ ನಾನು ಹೇಳಿದ ಹಾಗೆ ತುಂಬಿ, ಷರಾ ಕಾಲಂ ಖಾಲಿ ಬಿಟ್ಟು ರುಜು ಮಾಡಿದಳು.